ಗೆದ್ದವರ ಮನೆಯ ಜಗಳ

(ಧಾರವಾಡದ ಒಂದು ಓದುಗರ ಬಳಗದಲ್ಲಿ ಬ್ರೆಕ್ಸಿಟ್ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಹೊರಬಂದದ್ದು, ಎಂದ ಕೂಡಲೇ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಬ್ರಿಟನ್ನಿನ ಜನ ಸುಳ್ಳಿಗೆ ಮರುಳಾಗಿ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು ಎನ್ನುವುದು ಒಂದು. ಇನ್ನೂರು ವರ್ಷ ನಮ್ಮನ್ನು ಆಳಿದವರಿಗೆ ಹಾಗೇ ಆಗಬೇಕಿತ್ತು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಕೊಡುವ ಗೋಜಿಗೆ ನಾನು ಹೋಗುವುದಿಲ್ಲ. ಮೊದಲನೆಯದರ ಬಗ್ಗೆ ತಕರಾರಿದೆ. ಸುಳ್ಳುಗಳಿದ್ದವು, ನಿಜ. ಉತ್ಪ್ರೇಕ್ಷೆಯಂತೂ ಎರಡೂ ಕಡೆ ಇತ್ತು. ಆದರೆ ಆ ಜಗಳ ವರ್ಷಗಟ್ಟಲೆ ಎಳೆದದ್ದು, ಇಬ್ಬರು ಪ್ರಧಾನಿಗಳ ಕುರ್ಚಿ ನುಂಗಿದ್ದು ಸುಳ್ಳಿನಿಂದಲ್ಲ, ಕೇಳಿದ ಪ್ರಶ್ನೆಯಿಂದ. ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

2016ರ ಜೂನ್ 23ರಂದು ಮತಗಟ್ಟೆಯಲ್ಲಿ ಕೈಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಯುನೈಟೆಡ್ ಕಿಂಗ್‌ಡಮ್ ಐರೋಪ್ಯ ಒಕ್ಕೂಟದ ಸದಸ್ಯನಾಗಿ ಉಳಿಯಬೇಕೇ, ಇಲ್ಲವೇ ಒಕ್ಕೂಟವನ್ನು ಬಿಡಬೇಕೇ? ಕೆಳಗೆ ಎರಡು ಚೌಕ. ಸರ್ಕಾರ ಮೊದಲು ಬರೆದಿದ್ದ ಕರಡಿನಲ್ಲಿ ‘ಉಳಿಯಬೇಕೇ’ ಎಂದಷ್ಟೇ ಇತ್ತು. ಉತ್ತರ ಹೌದು ಅಥವಾ ಇಲ್ಲ. ಹಾಗೆ ಕೇಳಿದರೆ ಪ್ರಶ್ನೆಯೇ ಉಳಿಯುವ ಕಡೆಗೆ ವಾಲಿದಂತಾಗುತ್ತದೆ ಎಂದು ಅಲ್ಲಿನ ಚುನಾವಣಾ ಆಯೋಗ ತಿದ್ದಿಸಿತು. ಒಂದೊಂದು ಪದವನ್ನೂ ಇಷ್ಟು ತೂಗಿ ನೋಡಿದವರು, ಬಿಟ್ಟ ಮೇಲೆ ಮುಂದೇನು ಎನ್ನುವುದನ್ನು ಮಾತ್ರ ಚೀಟಿಯಲ್ಲೂ ಬರೆಯಲಿಲ್ಲ, 2015ರ ಜನಮತಗಣನೆ ಕಾಯ್ದೆಯಲ್ಲೂ ಬರೆಯಲಿಲ್ಲ. ಬಂದ ಫಲಿತಾಂಶವನ್ನು ಜಾರಿಗೆ ತರಲೇಬೇಕು ಎನ್ನುವ ಕಲಮು ಕೂಡ ಆ ಕಾಯ್ದೆಯಲ್ಲಿ ಇರಲಿಲ್ಲ.

ಯಾರು ಮತ ಹಾಕಿದರು ಎನ್ನುವುದರಲ್ಲಿ ನಮಗೆ ಸಂಬಂಧಪಟ್ಟ ಒಂದು ವಿಚಿತ್ರವಿದೆ. ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿ ಮತದಾನದ ಹಕ್ಕಿದೆ. ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ಕೆಲಸಕ್ಕಿದ್ದ ಹುಬ್ಬಳ್ಳಿಯ ಎಂಜಿನಿಯರ್, ಮಂಗಳೂರಿನ ನರ್ಸ್ ಹೆಸರು ನೋಂದಾಯಿಸಿದ್ದರೆ ಸಾಕು, ಬ್ರಿಟನ್ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಎಂದು ತೀರ್ಮಾನಿಸಬಹುದಿತ್ತು. ಅವರ ಪಕ್ಕದ ಮನೆಯಲ್ಲಿ ಇಪ್ಪತ್ತು ವರ್ಷದಿಂದ ತೆರಿಗೆ ಕಟ್ಟಿಕೊಂಡು ಬಂದ ಫ್ರಾನ್ಸಿನವನಿಗೆ, ಪೋಲೆಂಡಿನವಳಿಗೆ ಆ ಹಕ್ಕಿರಲಿಲ್ಲ. ಸ್ಪೇನಿನಲ್ಲಿ ಹದಿನೈದು ವರ್ಷ ಮೀರಿ ನೆಲೆಸಿದ್ದ ಬ್ರಿಟಿಷರಿಗೂ ಇರಲಿಲ್ಲ. ಯಾರ ಬದುಕು ನೇರವಾಗಿ ಈ ಮತದ ಮೇಲೆ ನಿಂತಿತ್ತೋ ಅವರಲ್ಲಿ ಬಹಳ ಜನ ಮತಗಟ್ಟೆಯ ಹೊರಗಿದ್ದರು.

ಫಲಿತಾಂಶ ನಿಮಗೆ ಗೊತ್ತು. ಬಿಡಬೇಕು ಎಂದವರು 51.9 ಶೇಕಡಾ, ಉಳಿಯಬೇಕು ಎಂದವರು 48.1. ಅಂದಾಜು 1 ಕೋಟಿ 74 ಲಕ್ಷ ಮತ ಒಂದು ಕಡೆ, 1 ಕೋಟಿ 61 ಲಕ್ಷ ಇನ್ನೊಂದು ಕಡೆ. ಇಂಗ್ಲೆಂಡ್, ವೇಲ್ಸ್ ಬಿಡುವ ಕಡೆ. ಸ್ಕಾಟ್ಲೆಂಡ್‌ನಲ್ಲಿ ನೂರಕ್ಕೆ 62, ಉತ್ತರ ಐರ್ಲೆಂಡ್‌ನಲ್ಲಿ ಸುಮಾರು 56 ಉಳಿಯುವ ಕಡೆ. ಲಿಂಕನ್‌ಶೈರಿನ ಬಾಸ್ಟನ್ ಎಂಬ ಊರಿನಲ್ಲಿ ಪ್ರತಿ ನಾಲ್ವರಲ್ಲಿ ಮೂವರು ಬಿಡೋಣ ಎಂದರೆ, ಲಂಡನ್ನಿನ ಲ್ಯಾಂಬೆತ್‌ನಲ್ಲಿ 78.6 ಶೇಕಡಾ ಉಳಿಯೋಣ ಎಂದರು. ಈ ಲ್ಯಾಂಬೆತ್ ನಮಗೆ ಅಪರಿಚಿತವಲ್ಲ. ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ಇರುವುದು ಅಲ್ಲೇ, 2015ರ ನವೆಂಬರ್‌ನಲ್ಲಿ ಅನಾವರಣವಾದದ್ದು. ಮುಂದಿನ ಮೂರೂವರೆ ವರ್ಷ ನದಿಯ ಆಚೆ ದಡದ ಸಂಸತ್ತಿನಲ್ಲಿ ನಡೆದ ರಂಪಾಟಕ್ಕೆ ಅವರೂ ಒಬ್ಬ ಸಾಕ್ಷಿ ಎನ್ನಬಹುದೇನೋ.

ಹಿಂದಿನ ಕತೆಯನ್ನು ಬೇಗ ಹೇಳಿಬಿಡುತ್ತೇನೆ. ಬ್ರಿಟನ್ ಒಳಗೆ ಬರಲು ಎರಡು ಸಲ ಬಾಗಿಲು ತಟ್ಟಿತ್ತು. 1963 ಮತ್ತು 1967ರಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಎರಡೂ ಸಲ ಅಡ್ಡಗಾಲು ಹಾಕಿದರು. ಕೊನೆಗೆ ಪ್ರಧಾನಿ ಎಡ್ವರ್ಡ್ ಹೀತ್ ಕಾಲದಲ್ಲಿ, 1973ರ ಜನವರಿ 1ರಂದು ಸೇರಿತು. ಎರಡೇ ವರ್ಷಕ್ಕೆ ‘ಇರೋಣವೋ ಬೇಡವೋ’ ಎಂದು ಮೊದಲ ಜನಮತಗಣನೆ. 1975ರ ಜೂನ್ 5ರಂದು ನೂರಕ್ಕೆ 67 ಮಂದಿ ಇರೋಣ ಎಂದರು. ಆಗ ಹೆಚ್ಚು ಗಲಾಟೆ ಎಬ್ಬಿಸಿದ್ದು ಲೇಬರ್ ಪಕ್ಷದ ಎಡಗಡೆಯವರು, ಟೋನಿ ಬೆನ್ ತರಹದವರು. ಇದು ಬಂಡವಾಳಗಾರರ ಕೂಟ ಎನ್ನುವುದು ಅವರ ವಾದ. ಕನ್ಸರ್ವೇಟಿವ್ ಪಕ್ಷದ ನಾಯಕಿ ಮಾರ್ಗರೇಟ್ ಥ್ಯಾಚರ್ ಸದಸ್ಯ ದೇಶಗಳ ಧ್ವಜಗಳಿದ್ದ ಸ್ವೆಟರ್ ತೊಟ್ಟು ಇರೋಣ ಎಂದು ಪ್ರಚಾರ ಮಾಡಿದ್ದರು. ಆ ಫೋಟೋ ಈಗಲೂ ಓಡಾಡುತ್ತದೆ.

ಇದು ತಿರುಗುಮುರುಗಾದದ್ದು 1988ರ ಸೆಪ್ಟೆಂಬರಿನಲ್ಲಿ. ಐರೋಪ್ಯ ಆಯೋಗದ ಅಧ್ಯಕ್ಷ ಝಾಕ್ ದೆಲೋರ್ ಬೋರ್ನ್‌ಮತ್‌ಗೆ ಬಂದು ಬ್ರಿಟನ್ನಿನ ಕಾರ್ಮಿಕ ಸಂಘಗಳ ಸಮಾವೇಶದಲ್ಲಿ, ಕಾರ್ಮಿಕರ ಹಕ್ಕನ್ನೂ ಯುರೋಪ್ ಕಾಯುತ್ತದೆ ಎಂದು ಹೇಳಿ ಹೋದರು. ಥ್ಯಾಚರ್ ಆಳ್ವಿಕೆಯಲ್ಲಿ ಏಟಿನ ಮೇಲೆ ಏಟು ತಿಂದಿದ್ದ ಸಂಘಗಳಿಗೆ ಅದು ಹೊಸ ಆಸರೆಯಾಗಿ ಕಂಡಿತು. ಅದೇ ತಿಂಗಳು ಥ್ಯಾಚರ್ ಬೆಲ್ಜಿಯಂನ ಬ್ರೂಝ್ ನಗರದಲ್ಲಿ ನಿಂತು, ನಾವು ನಮ್ಮ ದೇಶದಲ್ಲಿ ಸರ್ಕಾರದ ಹಿಡಿತ ಸಡಿಲಿಸಿದ್ದು ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಿಂದ ಅದೇ ಹಿಡಿತ ಮತ್ತೆ ಬರಲಿ ಎಂದಲ್ಲ ಎನ್ನುವ ಅರ್ಥದ ಭಾಷಣ ಮಾಡಿದರು. ಅಲ್ಲಿಂದ ಮುಂದೆ ಎಡಗಡೆಯವರು ಮೆಲ್ಲಗೆ ಯುರೋಪಿನ ಕಡೆ ಸರಿದರು, ಕನ್ಸರ್ವೇಟಿವ್ ಪಕ್ಷದೊಳಗೆ ಜಗಳ ಹೊತ್ತಿಕೊಂಡಿತು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂತಾರಲ್ಲ, ಬಲಗಡೆಯ ಪತ್ರಿಕೆಗಳು ಮುಂದೆ ದಶಕಗಟ್ಟಲೆ ಬ್ರಸೆಲ್ಸ್‌ನ ಪ್ರತಿ ನಿಯಮದಲ್ಲೂ ಒಂದು ಕಲ್ಲು ಹುಡುಕಿ ತೋರಿಸಿದವು.

2004ರಲ್ಲಿ ಪೂರ್ವ ಯುರೋಪಿನ ದೇಶಗಳು ಒಕ್ಕೂಟ ಸೇರಿದಾಗ ಬಹಳಷ್ಟು ಹಳೆಯ ಸದಸ್ಯರು ಕೆಲಸಗಾರರಿಗೆ ಕೆಲವು ವರ್ಷ ಬಾಗಿಲು ಹಾಕಿಕೊಂಡರು. ಮೊದಲ ದಿನವೇ ತೆರೆದದ್ದು ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್. ಬರುವವರ ಲೆಕ್ಕ ಸರ್ಕಾರದ ಅಂದಾಜನ್ನು ಎಷ್ಟೋ ಪಟ್ಟು ಮೀರಿತು. ಇದರ ಮೇಲೇ ಒಕ್ಕೂಟ ಬಿಡಬೇಕು ಎನ್ನುವ ನೈಜೆಲ್ ಫರಾಜ್ ಅವರ ಯುಕಿಪ್ ಪಕ್ಷ ಬೆಳೆದು 2014ರ ಐರೋಪ್ಯ ಸಂಸತ್ ಚುನಾವಣೆಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಪ್ರಧಾನಿ ಡೇವಿಡ್ ಕ್ಯಾಮರನ್ 2013ರಲ್ಲೇ ಜನಮತಗಣನೆಯ ಮಾತು ಕೊಟ್ಟಾಗಿತ್ತು. ಅದು ದೇಶಕ್ಕೆ ಕೊಟ್ಟ ಮಾತು ಎನ್ನುವುದಕ್ಕಿಂತ ತಮ್ಮದೇ ಪಕ್ಷದ ಹಿಂದಿನ ಬೆಂಚಿನ ಸಂಸದರನ್ನು ಸುಮ್ಮನಾಗಿಸಲು ಕೊಟ್ಟ ಮಾತು. 2015ರಲ್ಲಿ ಬಹುಮತ ಬಂದಾಗ ಉಳಿಸಿಕೊಳ್ಳಬೇಕಾಯಿತು.

ಪ್ರಚಾರದ ಬಗ್ಗೆ ಮಾತಾಡುವಾಗ ಎಲ್ಲರೂ ಆ ಕೆಂಪು ಬಸ್ಸಿಗೆ ಬರುತ್ತಾರೆ. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ, ಅದನ್ನು ನಮ್ಮ ಸರ್ಕಾರಿ ಆರೋಗ್ಯ ಸೇವೆಗೆ ಹಾಕೋಣ ಎಂದು ಅದರ ಮೇಲೆ ಬರೆದಿತ್ತು. ಲೆಕ್ಕ ತಪ್ಪು. ಥ್ಯಾಚರ್ 1984ರಲ್ಲಿ ಹಟ ಹಿಡಿದು ಪಡೆದ ರಿಯಾಯಿತಿಯನ್ನು ಕಳೆಯದೆ ಹಾಕಿದ ಮೊತ್ತ ಅದು. ಆ ರಿಯಾಯಿತಿಯ ಹಣ ಬ್ರಿಟನ್ನಿನಿಂದ ಹೊರಗೆ ಹೋಗುತ್ತಲೇ ಇರಲಿಲ್ಲ. ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಇದು ದಾರಿ ತಪ್ಪಿಸುವಂಥದ್ದು ಎಂದಿತು. ಆದರೆ ಆ ತಪ್ಪೇ ಅದರ ಜಾಣತನವೂ ಆಗಿತ್ತು. 35 ಅಲ್ಲ 25 ಎಂದು ಎದುರಾಳಿಗಳು ತಿದ್ದಲು ಹೋದಷ್ಟೂ ‘ಹಾಗಾದರೆ 25 ಕೋಟಿ ಕೊಡುತ್ತಿರುವುದು ನಿಜವೇ?’ ಎಂದು ಕೇಳುವವರು ಹೆಚ್ಚಾದರು. ಇತ್ತ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್, ಬಿಟ್ಟರೆ ಪ್ರತಿ ಮನೆಗೆ ವರ್ಷಕ್ಕೆ 4,300 ಪೌಂಡ್ ನಷ್ಟ ಎಂದರು. ಮತದಾನಕ್ಕೆ ವಾರವಿದ್ದಾಗ, ನೀವು ಬಿಡೋಣ ಎಂದರೆ ತೆರಿಗೆ ಏರಿಸಿ ಖರ್ಚು ಕಡಿತ ಮಾಡುವ ತುರ್ತು ಬಜೆಟ್ ತರುತ್ತೇನೆ ಎಂದೂ ಹೆದರಿಸಿದರು. ಅಂಥ ಬಜೆಟ್ ಬರಲೇ ಇಲ್ಲ. ಬಸ್ಸನ್ನು ನೆನಪಿಡುವವರು ಇದನ್ನು ಯಾಕೋ ಮರೆಯುತ್ತಾರೆ.

ಜೂನ್ 15ರಂದು ಥೇಮ್ಸ್ ನದಿಯಲ್ಲಿ ನಡೆದದ್ದನ್ನು ಹೇಳಬೇಕು. ಮೀನುಗಾರರ ದೋಣಿಗಳ ಸಾಲು ಕಟ್ಟಿಕೊಂಡು ಫರಾಜ್ ಸಂಸತ್ತಿನ ಎದುರಿಗೆ ಬಂದರು. ಎದುರಿನಿಂದ ಇನ್ನೊಂದು ದೋಣಿಯಲ್ಲಿ ಹಾಡುಗಾರ ಬಾಬ್ ಗೆಲ್ಡಾಫ್, ಧ್ವನಿವರ್ಧಕ ಹಚ್ಚಿ, ಕೈಸನ್ನೆ ಮಾಡಿ ಅಣಕಿಸುತ್ತ. ದಿನವಿಡೀ ಟಿವಿಗೆ ಹಬ್ಬ. ದೊಡ್ಡ ಮೀನುದೋಣಿಗಳವರು ಪೈಪಿನಿಂದ ನೀರು ಹಾರಿಸಿ ಉಳಿಯುವ ಪರವಿದ್ದ ಸಣ್ಣ ರಬ್ಬರ್ ದೋಣಿಗಳನ್ನು ತೋಯಿಸಿದರು. ಅಂಥದ್ದೊಂದು ದೋಣಿಯಲ್ಲಿ ಸಂಸದೆ ಜೋ ಕಾಕ್ಸ್ ಅವರ ಗಂಡ, ಪುಟ್ಟ ಮಕ್ಕಳಿದ್ದರು. ಮರುದಿನ, ತಮ್ಮ ಕ್ಷೇತ್ರದ ಬರ್‌ಸ್ಟಲ್ ಎಂಬಲ್ಲಿ ಜನರ ಅಹವಾಲು ಕೇಳಲು ಹೋಗಿದ್ದ ಜೋ ಕಾಕ್ಸ್ ಅವರನ್ನು ಬಲಪಂಥೀಯ ಉಗ್ರನೊಬ್ಬ ಬೀದಿಯಲ್ಲೇ ಕೊಂದ. 41 ವರ್ಷದ ಹೆಣ್ಣುಮಗಳು. ಪ್ರಚಾರ ಎರಡು ಮೂರು ದಿನ ನಿಂತು, ಮತ್ತೆ ಶುರುವಾಯಿತು.

ಆ ಮೀನುಗಾರರ ಸಿಟ್ಟು ಎಲ್ಲಿಯದು? ಪೂರ್ವ ಕರಾವಳಿಯ ಗ್ರಿಮ್ಸ್‌ಬಿ ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಮೀನು ಬಂದರು ಎನಿಸಿಕೊಂಡಿತ್ತು. ಅಲ್ಲಿನ ದೋಣಿಗಳು ಐಸ್‌ಲ್ಯಾಂಡ್ ಸುತ್ತಲಿನ ಸಮುದ್ರಕ್ಕೆ ಹೋಗಿ ಕಾಡ್ ಮೀನು ತರುತ್ತಿದ್ದವು. ಐಸ್‌ಲ್ಯಾಂಡ್ ತನ್ನ ಕಡಲ ಗಡಿಯನ್ನು 200 ಮೈಲಿಗೆ ಚಾಚಿ, ಬ್ರಿಟನ್ನಿನ ನೌಕಾಪಡೆಯ ಜೊತೆ ಗುದ್ದಾಡಿ, 1976ರಲ್ಲಿ ಗೆದ್ದಿತು. ಗ್ರಿಮ್ಸ್‌ಬಿಯ ದೂರದ ಸಮುದ್ರದ ದೋಣಿಗಳು ಅಲ್ಲಿಗೆ ಮುಗಿದವು. ಐಸ್‌ಲ್ಯಾಂಡ್ ಐರೋಪ್ಯ ಒಕ್ಕೂಟದಲ್ಲಿ ಇರಲೂ ಇಲ್ಲ. ಆದರೆ ಅದೇ ಹೊತ್ತಿಗೆ ಒಕ್ಕೂಟದ ಮೀನುಗಾರಿಕೆ ನೀತಿ ಬಂದು, ಹತ್ತಿರದ ಸಮುದ್ರದಲ್ಲಿ ಬೇರೆ ದೇಶದ ದೋಣಿಗಳಿಗೂ ಪಾಲು ಸಿಕ್ಕಿತು. ಹೊಟ್ಟೆಗೆ ಬಿದ್ದ ಏಟು ಒಂದು, ಕಣ್ಣಿಗೆ ಕಂಡದ್ದು ಇನ್ನೊಂದು. ಎರಡನೆಯದು ಪೂರ್ತಿ ಸುಳ್ಳೂ ಅಲ್ಲ. ಗ್ರಿಮ್ಸ್‌ಬಿ ಇರುವ ಪ್ರದೇಶದಲ್ಲಿ ಸುಮಾರು 70 ಶೇಕಡಾ ಜನ ಬಿಡೋಣ ಎಂದರು.

ವೇಲ್ಸ್‌ನ ಎಬ್ಬು ವೇಲ್ ಊರು ಇನ್ನೂ ಗೊಂದಲ ಹುಟ್ಟಿಸುತ್ತದೆ. ಅಲ್ಲಿನ ಉಕ್ಕಿನ ಕಾರ್ಖಾನೆ 2002ರಲ್ಲಿ ಮುಚ್ಚಿತು. ಆಮೇಲೆ ಬಂದ ರೈಲು, ರಸ್ತೆ, ಹಳೆಯ ಕಾರ್ಖಾನೆಯ ಜಾಗದಲ್ಲಿ ಎದ್ದ ಕಾಲೇಜು, ಎಲ್ಲದರಲ್ಲೂ ಒಕ್ಕೂಟದ ಹಣ ಬೆರೆತಿತ್ತು. ಹೊರಗಿನಿಂದ ಬಂದು ನೆಲೆಸಿದವರು ಆ ಕಣಿವೆಯಲ್ಲಿ ತೀರಾ ಕಡಿಮೆ. ಆದರೂ ಬಿಡೋಣ ಎಂದವರು 62 ಶೇಕಡಾ, ವೇಲ್ಸ್‌ನಲ್ಲೇ ಹೆಚ್ಚು. ಲಂಡನ್ನಿನ ಪತ್ರಕರ್ತರು ಒಬ್ಬರ ಹಿಂದೆ ಒಬ್ಬರು ಬಂದು, ಉಂಡ ಮನೆಗೆ ಎರಡು ಬಗೆಯುತ್ತೀರಲ್ಲ ಎನ್ನುವ ಧಾಟಿಯಲ್ಲಿ ಬರೆದರು. ನನಗೆ ಅದು ಅಹಂಕಾರದ ಮಾತಾಗಿ ಕಾಣುತ್ತದೆ. ಸಾವಿರಾರು ಜನರಿಗೆ ಸಂಬಳ ಕೊಡುತ್ತಿದ್ದ ಕಾರ್ಖಾನೆ ಹೋದ ಜಾಗದಲ್ಲಿ ಒಕ್ಕೂಟದ ನೀಲಿ ಬಾವುಟದ ಫಲಕ ನೆಟ್ಟು ಕಟ್ಟಡ ಕಟ್ಟಿಕೊಟ್ಟರೆ, ಕಟ್ಟಡ ನೋಡಿ ಋಣ ಎಂದುಕೊಳ್ಳಬೇಕಾದವರು ಯಾರು? ದುಡಿಮೆ ಕಳೆದುಕೊಂಡವನಿಗೆ ಮೊದಲ ಸಲ ತನ್ನ ಮತಕ್ಕೆ ಲಂಡನ್ ಬೆಚ್ಚುತ್ತದೆ ಎಂದು ಗೊತ್ತಾದ ದಿನ ಅದು. ಆ ಮತ ಒಕ್ಕೂಟದ ವಿರುದ್ಧ ಎಷ್ಟಿತ್ತು, ಲಂಡನ್ ವಿರುದ್ಧ ಎಷ್ಟಿತ್ತು ಎಂದು ಬೇರ್ಪಡಿಸುವ ತಕ್ಕಡಿ ಯಾರ ಬಳಿಯೂ ಇಲ್ಲ.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ. ಫಲಿತಾಂಶದ ಬೆಳಿಗ್ಗೆ ಪೌಂಡ್ ಡಾಲರ್ ಎದುರು 1985ರ ನಂತರದ ಕನಿಷ್ಠ ಮಟ್ಟಕ್ಕೆ ಕುಸಿಯಿತು. ಕ್ಯಾಮರನ್ ರಾಜೀನಾಮೆ ಘೋಷಿಸಿದರು. ಮುಂದಿನ ಪ್ರಧಾನಿ ತೆರೇಸಾ ಮೇ ‘ಬ್ರೆಕ್ಸಿಟ್ ಅಂದರೆ ಬ್ರೆಕ್ಸಿಟ್’ ಎಂದರು. ಅದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಯಾಕೆಂದರೆ ಬಿಡುವುದರಲ್ಲೇ ಹಲವು ನಮೂನೆ. ನಾರ್ವೆಯಂತೆ ಒಕ್ಕೂಟದ ಹೊರಗಿದ್ದೂ ಅದರ ಏಕ ಮಾರುಕಟ್ಟೆಯೊಳಗೆ, ಅಂದರೆ ಒಂದೇ ನಿಯಮದಡಿ ಸರಕು, ಜನ ತಡೆಯಿಲ್ಲದೆ ಓಡಾಡುವ ವ್ಯವಸ್ಥೆಯೊಳಗೆ, ಇರಬಹುದು. ಆಗ ಜನರ ಓಡಾಟಕ್ಕೂ ಒಪ್ಪಬೇಕು, ಹಣವನ್ನೂ ಕೊಡಬೇಕು. ಟರ್ಕಿಯಂತೆ ಸುಂಕದ ಮಟ್ಟಿಗೆ ಮಾತ್ರ ಜೊತೆಗಿರಬಹುದು, ಸುಂಕ ಒಕ್ಕೂಟ ಎನ್ನುವುದು ಇದನ್ನೇ. ಕೆನಡಾದಂತೆ ದೂರ ನಿಂತು ವ್ಯಾಪಾರ ಒಪ್ಪಂದ ಮಾಡಿಕೊಳ್ಳಬಹುದು. ಇಲ್ಲವೇ ಏನೂ ಒಪ್ಪಂದವಿಲ್ಲದೆ ಎದ್ದು ಹೋಗಬಹುದು. ಬಿಡುವ ಪರ ಪ್ರಚಾರ ಮಾಡಿದವರಲ್ಲಿ ಈ ನಾಲ್ಕೂ ಬಗೆಯವರಿದ್ದರು. ಏಕ ಮಾರುಕಟ್ಟೆಯಲ್ಲಿ ನಮ್ಮ ಜಾಗಕ್ಕೆ ಯಾವ ಧಕ್ಕೆಯೂ ಇಲ್ಲ ಎಂದವರೂ, ಅದರಿಂದಲೇ ಹೊರಬರಬೇಕು ಎಂದವರೂ ಒಂದೇ ಕಡೆ ನಿಂತು ಮತ ಕೇಳಿದ್ದರು. ಪ್ರಚಾರದ ಮುಖ್ಯ ಸಂಸ್ಥೆ ಬೇಕೆಂದೇ ಯಾವ ಯೋಜನೆಯನ್ನೂ ಬರೆದು ಪ್ರಕಟಿಸಿರಲಿಲ್ಲ. ಬರೆದಿದ್ದರೆ ತಮ್ಮೊಳಗೇ ಒಡಕು ಎಂದು ಅವರಿಗೆ ಗೊತ್ತಿತ್ತು. ಗೆಲ್ಲುವ ದೃಷ್ಟಿಯಿಂದ ನೂರಕ್ಕೆ ನೂರು ಸರಿಯಾದ ಲೆಕ್ಕ. ಗೆದ್ದ ಮರುದಿನದಿಂದ ಅದರ ಬಡ್ಡಿ ಏರತೊಡಗಿತು.

ಇಲ್ಲಿ ಸ್ಕಾಟ್ಲೆಂಡನ್ನು ಪಕ್ಕಕ್ಕಿಟ್ಟು ನೋಡಿ. 2014ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂದು ಅಲ್ಲಿ ಜನಮತಗಣನೆ ನಡೆಯಿತು. ಅದಕ್ಕೆ ಹತ್ತು ತಿಂಗಳ ಮುಂಚೆಯೇ ಸ್ಕಾಟ್ಲೆಂಡಿನ ಸರ್ಕಾರ 670 ಪುಟದ ದಾಖಲೆ ಹೊರತಂದು, ಬೇರೆಯಾದರೆ ಪಿಂಚಣಿ ಹೇಗೆ, ಸೈನ್ಯ ಹೇಗೆ, ನೋಟು ಯಾವುದು ಎಂದೆಲ್ಲ ಬರೆಯಿತು. ನೋಟು ಪೌಂಡೇ ಇರುತ್ತದೆ ಎಂದು ಬರೆದದ್ದೇ ತಡ, ಅದನ್ನು ನಿಮ್ಮ ಜೊತೆ ಹಂಚಿಕೊಳ್ಳುವುದಿಲ್ಲ ಎಂದು ಲಂಡನ್ ಹೇಳಿತು. ಪ್ರಚಾರದ ಉದ್ದಕ್ಕೂ ಆ ಒಂದು ಪ್ರಶ್ನೆಗೆ ಅವರು ತಡವರಿಸಿದರು. 55–45ರಲ್ಲಿ ಸೋತರು. ಬರೆದು ಕೊಟ್ಟವರು ಸೋತರು, ಬರೆಯದೆ ಇದ್ದವರು ಗೆದ್ದರು. ಪ್ರಾಮಾಣಿಕತೆಗೆ ಇದು ಒಳ್ಳೆಯ ಜಾಹೀರಾತಲ್ಲ, ಆದರೆ ಮತ ಹಾಕುವ ಮೊದಲೇ ಜಗಳ ಆಡಿ ಮುಗಿಸಬೇಕಾದ ವಿಷಯಗಳನ್ನು ಸ್ಕಾಟ್ಲೆಂಡ್ ಮೊದಲೇ ಆಡಿತ್ತು ಎನ್ನುವುದಂತೂ ನಿಜ.

ಬ್ರೆಕ್ಸಿಟ್‌ನಲ್ಲಿ ಮತದಾನಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಯಾರೂ ಗಮನಿಸದ, ಆಮೇಲೆ ಎಲ್ಲರ ಕೊರಳಿಗೆ ಸುತ್ತಿಕೊಂಡ ವಿಷಯ ಐರ್ಲೆಂಡಿನ ಗಡಿ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ, ದಕ್ಷಿಣದ ಗಣರಾಜ್ಯ ಬೇರೆ ದೇಶ, ಒಕ್ಕೂಟದ ಸದಸ್ಯ. ನಡುವೆ ಸುಮಾರು 500 ಕಿಲೋಮೀಟರ್ ಗಡಿ, ದಾಟಲು ಇನ್ನೂರಕ್ಕೂ ಹೆಚ್ಚು ರಸ್ತೆಗಳು. ಉತ್ತರ ಐರ್ಲೆಂಡ್ ಯಾವ ಕಡೆ ಸೇರಬೇಕು ಎನ್ನುವ ಜಗಳದ ಮೂವತ್ತು ವರ್ಷದ ಹಿಂಸೆಯ ಕಾಲದಲ್ಲಿ ಅಲ್ಲಿ ಸೈನಿಕರ ಕಾವಲು ಗೋಪುರಗಳಿದ್ದವು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ಅವು ಒಂದೊಂದಾಗಿ ಇಳಿದವು. ಪೆಟಿಗೊ ಎನ್ನುವ ಹಳ್ಳಿಯ ನಡುವೆಯೇ ಟರ್ಮನ್ ಎಂಬ ಸಣ್ಣ ಹೊಳೆ ಹರಿಯುತ್ತದೆ. ಸೇತುವೆಯ ಈಚೆ ಒಂದು ದೇಶ, ಆಚೆ ಇನ್ನೊಂದು. ಎರಡೂ ಕಡೆ ಒಂದೇ ಮಾರುಕಟ್ಟೆ ಇದ್ದಷ್ಟು ದಿನ ದಾಟುವವರಿಗೆ ಗಡಿ ನೆನಪಾಗುತ್ತಿದ್ದದ್ದು ರಸ್ತೆಯ ಫಲಕದಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂದಾಗ ಮಾತ್ರ.

ಜಿಎಸ್‌ಟಿ ಬರುವ ಮುಂಚೆ ರಾಜ್ಯ ರಾಜ್ಯಗಳ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದದ್ದು ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ತೆರಿಗೆ ಪದ್ಧತಿ ಬೇರೆ ಇದ್ದ ಕಡೆ ಯಾರಾದರೂ ಎಲ್ಲಾದರೂ ಕಾಗದ ನೋಡಲೇಬೇಕು. ಒಂದೇ ಆದರೆ ಚೆಕ್‌ಪೋಸ್ಟ್ ಬೇಡ. ನಾಳೆ ಒಂದು ರಾಜ್ಯ ಜಿಎಸ್‌ಟಿ ಬಿಟ್ಟು ಹೊರಗೆ ನಡೆದರೆ ಚೆಕ್‌ಪೋಸ್ಟ್ ಮತ್ತೆ ಬರುತ್ತದೆ, ಎಲ್ಲಿ ಎನ್ನುವುದಷ್ಟೇ ಪ್ರಶ್ನೆ. ಬ್ರಿಟನ್ನಿಗೂ ಅದೇ ಆಯಿತು. ಏಕ ಮಾರುಕಟ್ಟೆ ಬಿಡಬೇಕು, ಐರ್ಲೆಂಡಿನ ಗಡಿಯಲ್ಲಿ ತಪಾಸಣೆ ಕೂಡದು, ಉತ್ತರ ಐರ್ಲೆಂಡ್ ಮತ್ತು ಉಳಿದ ಬ್ರಿಟನ್ ನಡುವಿನ ಸಮುದ್ರದಲ್ಲೂ ತಪಾಸಣೆ ಕೂಡದು. ಮೂರರಲ್ಲಿ ಎರಡು ಸಿಗುತ್ತವೆ, ಮೂರೂ ಸಿಗುವುದಿಲ್ಲ. ಈ ಸರಳ ಲೆಕ್ಕವನ್ನು ಒಪ್ಪಲು ಅಲ್ಲಿನ ರಾಜಕಾರಣಿಗಳಿಗೆ ವರ್ಷಗಳೇ ಹಿಡಿದವು.

ಪ್ರಧಾನಿ ತೆರೇಸಾ ಮೇ ಅವರು 2017ರಲ್ಲಿ ಅವಸರಪಟ್ಟು ಚುನಾವಣೆ ಕರೆದು, ಇದ್ದ ಬಹುಮತವನ್ನೂ ಕಳೆದುಕೊಂಡರು. ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲೇ ಇರಬೇಕು ಎನ್ನುವ ಅಲ್ಲಿನ ಡಿಯುಪಿ ಪಕ್ಷದ ಹತ್ತು ಸಂಸದರ ಮೇಲೆ ಸರ್ಕಾರ ನಿಂತಿತು. ಸಂಪುಟದಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆ. 2018ರ ಜುಲೈಯಲ್ಲಿ ಬ್ರೆಕ್ಸಿಟ್ ಸಚಿವ ಡೇವಿಡ್ ಡೇವಿಸ್, ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್ ಬೆನ್ನುಬೆನ್ನಿಗೆ ಹೊರನಡೆದರು. ಮೇ ಹೇಗೋ ಒಂದು ಒಪ್ಪಂದ ತಂದರು. 2019ರ ಜನವರಿ 15ರಂದು ಅದು 432–202ರಲ್ಲಿ ಸೋತಿತು. ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಯಾವ ಸರ್ಕಾರವೂ ಅಷ್ಟು ದೊಡ್ಡ ಅಂತರದಲ್ಲಿ ಸೋತದ್ದಿಲ್ಲ. ಮಾರ್ಚಿನಲ್ಲಿ ಮತ್ತೆ ಎರಡು ಸಲ ಸೋತಿತು. ಸೋಲಿಸಿದವರಲ್ಲಿ ಬ್ರೆಕ್ಸಿಟ್ ಬೇಡ ಎಂದವರೂ ಇದ್ದರು, ಇದು ಸಾಲದು, ಇದು ಬ್ರೆಕ್ಸಿಟ್ಟೇ ಅಲ್ಲ ಎಂದವರೂ ಇದ್ದರು.

ನನಗೆ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವ ದಿನವೆಂದರೆ 2019ರ ಮಾರ್ಚ್ 27. ಸರ್ಕಾರದಿಂದ ಆಗದಿದ್ದರೆ ನಾವೇ ದಾರಿ ಹುಡುಕುತ್ತೇವೆ ಎಂದು ಸಂಸದರು ಎಂಟು ಆಯ್ಕೆಗಳನ್ನು ಮುಂದಿಟ್ಟುಕೊಂಡರು. ಒಪ್ಪಂದವಿಲ್ಲದೆ ಹೊರಡುವುದು, ನಾರ್ವೆ ಮಾದರಿ, ಸುಂಕ ಒಕ್ಕೂಟ, ಮತ್ತೊಂದು ಜನಮತಗಣನೆ, ಎಲ್ಲವನ್ನೂ ಕೈಬಿಡುವುದು, ಹೀಗೆ. ಪ್ರತಿಯೊಂದಕ್ಕೂ ಹೌದು, ಇಲ್ಲ ಎಂದು ಗುರುತು ಹಾಕಬೇಕು. ಎಂಟೂ ಸೋತವು. ಏಪ್ರಿಲ್ 1ರಂದು ನಾಲ್ಕಕ್ಕೆ ಇಳಿಸಿ ಮತ್ತೆ ಮತ ಹಾಕಿದರು. ನಾಲ್ಕೂ ಸೋತವು. ಹಿರಿಯ ಸಂಸದ ಕೆನ್ ಕ್ಲಾರ್ಕ್ ತಂದಿದ್ದ ಸುಂಕ ಒಕ್ಕೂಟದ ಸೂಚನೆ ಬರೀ ಮೂರು ಮತದಿಂದ, 273–276ರಲ್ಲಿ ಸೋತಿತು. ಇನ್ನೊಂದು ಜನಮತಗಣನೆಯ ಪರ ಇದ್ದವರಲ್ಲಿ ಹಲವರು, ನಡುದಾರಿಗೆ ಒಪ್ಪಿದರೆ ನಮ್ಮ ಬೇಡಿಕೆ ಸತ್ತಂತೆ ಎಂದು ಅದಕ್ಕೆ ಕೈ ಎತ್ತಲಿಲ್ಲ. ಉಳಿಯುವ ಪರ ಇದ್ದವರ ಈ ಹಟದ ಬಗ್ಗೆ ಕಡಿಮೆ ಮಾತಾಡುತ್ತೇವೆ. ಬಿಟ್ಟರೂ ಒಕ್ಕೂಟಕ್ಕೆ ಹತ್ತಿರವೇ ಉಳಿಯುವ ಮೃದು ಬ್ರೆಕ್ಸಿಟ್ ಕೈಗೆಟುಕುವಷ್ಟು ಹತ್ತಿರ ಬಂದದ್ದು ಅದೊಂದೇ ಸಲ, ಅದನ್ನು ತಳ್ಳಿದವರಲ್ಲಿ ಅವರೂ ಇದ್ದರು.

ಹೊರಗೆ ಬೀದಿಯಲ್ಲಿ ಲಕ್ಷಾಂತರ ಜನರ ಮೆರವಣಿಗೆ. ಬ್ರೆಕ್ಸಿಟ್ ಕೈಬಿಡಿ ಎಂದು ಸಂಸತ್ತಿನ ಜಾಲತಾಣದಲ್ಲಿ 60 ಲಕ್ಷಕ್ಕೂ ಹೆಚ್ಚು ಸಹಿ. ಇನ್ನೊಂದು ಕಡೆ, ಬಿಡುವ ಪ್ರಕ್ರಿಯೆ ಶುರು ಮಾಡಲು ಸಂಸತ್ತಿನ ಒಪ್ಪಿಗೆ ಬೇಕು ಎಂದು ತೀರ್ಪು ಕೊಟ್ಟ ನ್ಯಾಯಾಧೀಶರ ಚಿತ್ರ ಹಾಕಿ ‘ಜನರ ವೈರಿಗಳು’ ಎಂದು 2016ರಲ್ಲೇ ಬರೆದಿದ್ದ ಪತ್ರಿಕೆ. ಮೇ ಕೆಳಗಿಳಿದ ಮೇಲೆ ಜಾನ್ಸನ್ ಪ್ರಧಾನಿಯಾಗಿ ಬಂದು ಸಂಸತ್ತಿನ ಕಲಾಪವನ್ನೇ ಐದು ವಾರ ನಿಲ್ಲಿಸಿದರು. 2019ರ ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಕಾನೂನುಬಾಹಿರ ಎಂದರು. ಅಡ್ಡ ಮತ ಹಾಕಿದ ತಮ್ಮದೇ 21 ಸಂಸದರನ್ನು ಜಾನ್ಸನ್ ಹೊರಗಟ್ಟಿದರು, ಅದರಲ್ಲಿ ಚರ್ಚಿಲ್ ಮೊಮ್ಮಗನೂ ಒಬ್ಬರು. ಮತ್ತು ಐರಿಷ್ ಸಮುದ್ರದಲ್ಲಿ ತಪಾಸಣೆಗೆ ಯಾವ ಕನ್ಸರ್ವೇಟಿವ್ ಸರ್ಕಾರವೂ ಒಪ್ಪಲಾರದು ಎಂದು ಹಿಂದಿನ ವರ್ಷ ಡಿಯುಪಿ ಸಮಾವೇಶದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ ಮನುಷ್ಯ, ಅದಕ್ಕೇ ಒಪ್ಪಿ ಸಹಿ ಹಾಕಿ ಬಂದರು. ಡಿಸೆಂಬರ್ ಚುನಾವಣೆಯಲ್ಲಿ ‘ಬ್ರೆಕ್ಸಿಟ್ ಮುಗಿಸೋಣ’ ಎನ್ನುವ ಒಂದೇ ಮಾತು. 80 ಸ್ಥಾನಗಳ ಬಹುಮತ. ಜನಕ್ಕೆ ಅಷ್ಟು ಸುಸ್ತಾಗಿತ್ತು. 2020ರ ಜನವರಿ 31ರ ರಾತ್ರಿ 11ಕ್ಕೆ ಬ್ರಿಟನ್ ಹೊರಗೆ ಬಂತು.

ಹೊರಗೆ ಬಂದ ಮೇಲೆ ಯಾರಿಗೆ ಏನು ಸಿಕ್ಕಿತು? ಬಿಡುವ ಪರ ಇದ್ದ ಸಚಿವೆ ಪ್ರೀತಿ ಪಟೇಲ್ 2016ರಲ್ಲಿ ಕರಿ ಹೋಟೆಲುಗಳನ್ನು ಉಳಿಸಿ ಎಂಬ ಅಭಿಯಾನ ಮಾಡಿದ್ದರು. ಯುರೋಪಿನವರಿಗೆ ಬಾಗಿಲು ಮುಚ್ಚಿದರೆ ದಕ್ಷಿಣ ಏಷ್ಯಾದ ಅಡುಗೆಯವರನ್ನು ಕರೆಸಬಹುದು ಎನ್ನುವ ಆಸೆ ಅದರಲ್ಲಿತ್ತು. ಅಲ್ಲಿನ ಬಾಂಗ್ಲಾ ಮೂಲದ ಹೋಟೆಲಿನವರು ಅನೇಕರು ನಂಬಿದರು. 2024ರ ಏಪ್ರಿಲ್‌ನಿಂದ ನುರಿತ ಕೆಲಸಗಾರರ ವೀಸಾಗೆ ಬೇಕಾದ ಕನಿಷ್ಠ ಸಂಬಳವೇ ವರ್ಷಕ್ಕೆ 38,700 ಪೌಂಡ್ ಆಯಿತು. ಬೀದಿ ಬದಿಯ ಸಣ್ಣ ಹೋಟೆಲು ಅಷ್ಟು ಕೊಟ್ಟು ಅಡುಗೆಯವನನ್ನು ಹೇಗೆ ತರಿಸೀತು? ವಲಸೆ ಕಡಿಮೆಯಾಗಲಿ ಎಂದು ಮತ ಹಾಕಿದವರು ಇನ್ನೂ ಬೆರಗಾಗಬೇಕಾಯಿತು. ಯುರೋಪಿನಿಂದ ಬರುವವರು ಇಳಿದರು, ನಿಜ. ಆದರೆ 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಬಂದವರಲ್ಲಿ ಹೋದವರನ್ನು ಕಳೆದರೆ ಉಳಿದದ್ದು 9 ಲಕ್ಷ ದಾಟಿತ್ತು. ಅದರಲ್ಲಿ ಯುರೋಪಿನ ಹೊರಗಿನವರ ಪೈಕಿ ಮೊದಲ ಸ್ಥಾನ ಭಾರತೀಯರದು, ಓದಲು ಹೋದವರು, ಆಸ್ಪತ್ರೆ, ಆರೈಕೆ ಕೇಂದ್ರಗಳ ಕೆಲಸಕ್ಕೆ ಹೋದವರು. ನಮ್ಮ ಜಿಲ್ಲೆಯ ಮಕ್ಕಳೂ ಅದರಲ್ಲಿದ್ದಾರೆ. ಇಂದು ಅವರ ವೀಸಾ ನಿಯಮ ವರ್ಷ ವರ್ಷ ಬಿಗಿಯಾಗುತ್ತಿದ್ದರೆ, ಅದರ ಹಿಂದೆಯೂ ಇದೇ ಮುಗಿಯದ ಜಗಳ ಇದೆ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: “ಸರ್, ಈಗ ಅಲ್ಲಿನವರಿಗೆ ಪಶ್ಚಾತ್ತಾಪ ಆಗಿದೆ ಅಂತಾರಲ್ಲ, ಮತ್ತೆ ಸೇರಬಹುದಾ?”

ಕೆಲವು ವರ್ಷಗಳಿಂದ ಸಮೀಕ್ಷೆಗಳಲ್ಲಿ ಬಿಟ್ಟದ್ದು ತಪ್ಪು ಎನ್ನುವವರೇ ಹೆಚ್ಚು. ಆದರೂ 2024ರಲ್ಲಿ ಗೆದ್ದ ಲೇಬರ್ ಪಕ್ಷ ತನ್ನ ಪ್ರಣಾಳಿಕೆಯಲ್ಲೇ ಏಕ ಮಾರುಕಟ್ಟೆಯೂ ಬೇಡ, ಸುಂಕ ಒಕ್ಕೂಟವೂ ಬೇಡ ಎಂದು ಬರೆದುಕೊಂಡಿತ್ತು. ಹಳೆಯ ಹುಣ್ಣು ಕೆರೆಯಲು ಯಾರಿಗೂ ಧೈರ್ಯವಿಲ್ಲ. ಇನ್ನೊಂದು ತೊಡಕು, ಮುಂಚೆ ಬ್ರಿಟನ್ ಯೂರೋ ನೋಟಿನಿಂದ ಹೊರಗಿತ್ತು, ಪಾಸ್‌ಪೋರ್ಟ್ ತಪಾಸಣೆಯಿಲ್ಲದ ಶೆಂಗೆನ್ ವಲಯದಿಂದ ಹೊರಗಿತ್ತು, ಚಂದಾದಲ್ಲಿ ರಿಯಾಯಿತಿ ಇತ್ತು. ಹೊಸದಾಗಿ ಅರ್ಜಿ ಹಾಕುವವರಿಗೆ ಅವನ್ನೆಲ್ಲ ಕೊಡಲು ಒಕ್ಕೂಟಕ್ಕೆ ಕಾರಣವಿಲ್ಲ.

“ನಮ್ಮ ಅಳಿಯ ಪ್ರಧಾನಿ ಆಗಿದ್ದಾಗ ಏನೂ ಸರಿಪಡಿಸಲಿಲ್ಲವೇ?” ಎಂದು ಹಿಂದಿನ ಸಾಲಿನಿಂದ ಒಬ್ಬರು. ಎಲ್ಲರೂ ನಕ್ಕರು.

ರಿಷಿ ಸುನಕ್ ಶುರುವಿನಿಂದಲೂ ಬಿಡುವ ಪರ ಇದ್ದವರು, ಅದನ್ನು ಮರೆಯಬಾರದು. ಆದರೆ 2023ರ ಫೆಬ್ರವರಿಯಲ್ಲಿ ವಿಂಡ್ಸರ್‌ನಲ್ಲಿ ಆದ ಒಪ್ಪಂದ ಅವರದು. ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕಿಗೆ ಹಸಿರು ಸಾಲು, ಗಣರಾಜ್ಯಕ್ಕೆ ದಾಟಬಹುದಾದ್ದಕ್ಕೆ ಕೆಂಪು ಸಾಲು ಎಂದು ಬಂದರಿನಲ್ಲಿ ಬೇರೆ ಮಾಡಿದರು. ಸದ್ದುಗದ್ದಲ ಕಡಿಮೆಯಾಯಿತು. ತಪಾಸಣೆ ಪೂರ್ತಿ ಹೋಗಲಿಲ್ಲ.

ಕೊನೆಗೆ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದು: “ನಮ್ಮ ಸಂವಿಧಾನದಲ್ಲಿ ಜನಮತಗಣನೆ ಇಲ್ಲವಲ್ಲ, ಅದೇ ಒಳ್ಳೆಯದಾಯಿತು ಅನ್ನುತ್ತೀರಾ?”

ಸಂವಿಧಾನದಲ್ಲಿ ಇಲ್ಲ, ಆದರೆ ನಮ್ಮ ಪಕ್ಕದಲ್ಲೇ ಒಂದು ನಡೆದಿದೆ. 1967ರ ಜನವರಿ 16ರಂದು ಗೋವಾದಲ್ಲಿ. ಸಂಸತ್ತು ಅದಕ್ಕೆಂದೇ ಕಾಯ್ದೆ ಮಾಡಿತ್ತು. ಮಹಾರಾಷ್ಟ್ರಕ್ಕೆ ಸೇರಬೇಕು ಎನ್ನುವವರಿಗೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕು ಎನ್ನುವವರಿಗೆ ಎರಡು ಎಲೆ. ಸೇರಿದರೆ ಏನಾಗುತ್ತದೆ ಎನ್ನುವುದಕ್ಕೆ ಮಹಾರಾಷ್ಟ್ರ ಕಣ್ಣೆದುರೇ ಇತ್ತು, ಇದ್ದರೆ ಏನು ಎನ್ನುವುದು ದಿನಾ ಅನುಭವಿಸುತ್ತಿದ್ದದ್ದೇ. ಮತದಾನ ನ್ಯಾಯವಾಗಿ ನಡೆಯಲಿ ಎಂದು, ವಿಲೀನದ ಪರವಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರ ಸರ್ಕಾರ ಅದಕ್ಕೆ ಮೊದಲೇ ರಾಜೀನಾಮೆ ಕೊಟ್ಟಿತ್ತು. ಎರಡು ಎಲೆಯೇ ಗೆದ್ದಿತು, 34,021 ಮತಗಳ ಅಂತರದಲ್ಲಿ. ಮೂರು ತಿಂಗಳೊಳಗೆ ವಿಧಾನಸಭೆ ಚುನಾವಣೆ ಬಂತು. ವಿಲೀನ ಬೇಡ ಎಂದ ಅದೇ ಗೋವಾ, ವಿಲೀನ ಬೇಕು ಎಂದಿದ್ದ ಬಾಂದೋಡ್ಕರ್ ಅವರನ್ನೇ ಮತ್ತೆ ಮುಖ್ಯಮಂತ್ರಿ ಮಾಡಿತು. ಅವರು ಸೋತ ಪ್ರಶ್ನೆಯನ್ನು ಬದಿಗಿಟ್ಟು, 1973ರಲ್ಲಿ ತೀರಿಕೊಳ್ಳುವವರೆಗೂ ಕೇಂದ್ರಾಡಳಿತ ಗೋವಾವನ್ನೇ ಆಳಿದರು.